ಮಾಡ್ಯೂಲ್ ಬದಲಾಯಿಸಿದರೂ ಅದೇ ಸ್ಲಾಟ್‌ನಲ್ಲಿ ದೋಷ

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ 32 ಜಿಬಿಯ 8 ಮೆಮೊರಿ ಮಾಡ್ಯೂಲ್‌ಗಳಿವೆ. ಮೂರು ತಿಂಗಳಿಂದ ಬಿ2 ಸ್ಲಾಟ್‌ನಲ್ಲಿ ದೋಷ ಅಂತ ಲಾಗ್ ಹೇಳುತ್ತಿದೆ. ಕೆಲವೊಮ್ಮೆ ಬೂಟ್ ಆದಾಗ 256ರ ಬದಲು 224 ಜಿಬಿ ಮಾತ್ರ ಕಾಣುತ್ತದೆ. ಎರಡು ಸಲ ಹೊಸ ಮಾಡ್ಯೂಲ್ ಹಾಕಿದೆವು. ಒಂದು ವಾರ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಗೋಳು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿದರೂ ಒಂದು ದೋಷವೂ ಸಿಗಲಿಲ್ಲ. ಬಿ ಸಾಲು ಎರಡನೇ ಪ್ರೊಸೆಸರ್‌ನದು. ಆ ಪ್ರೊಸೆಸರನ್ನು ನಾಲ್ಕು ತಿಂಗಳ ಹಿಂದೆ ನಾವೇ ಸೇರಿಸಿದ್ದೆವು. ಮೂರನೇ ಮಾಡ್ಯೂಲ್ ತರಿಸಲೇ?

ಉತ್ತರ: ಬೇಡ, ದಯವಿಟ್ಟು ತರಿಸಬೇಡಿ. ಒಂದೇ ಸ್ಲಾಟ್‌ನಲ್ಲಿ ಮೂರು ಮಾಡ್ಯೂಲ್‌ಗಳು ಒಂದರ ಹಿಂದೆ ಒಂದು ಕೆಡುವುದು ತುಂಬಾ ಅಪರೂಪ. ಅಷ್ಟಾಗಿದ್ದರೆ ಮಾಡ್ಯೂಲ್ ಬಿಟ್ಟು ಅದರ ಸುತ್ತ ಇರುವುದನ್ನು ನೋಡಬೇಕು.

ಮೊದಲು ಮೆಮ್‌ಟೆಸ್ಟ್ ವಿಷಯ. ಅದು ಸುಳ್ಳು ಹೇಳಿಲ್ಲ, ಆದರೆ ಅದಕ್ಕೆ ಕಂಡದ್ದು ಅಷ್ಟೇ. ಸರ್ವರ್ ಮೆಮೊರಿಯಲ್ಲಿ ಇಸಿಸಿ, ಅಂದರೆ ತಪ್ಪು ಹಿಡಿದು ತಿದ್ದುವ ವ್ಯವಸ್ಥೆ ಇರುತ್ತದೆ. ಡಿಡಿಆರ್4 ಪೀಳಿಗೆಯ ಮೆಮೊರಿ ಆಗಿದ್ದರೆ ಪ್ರತಿ 64 ಬಿಟ್ ಡೇಟಾ ಜೊತೆ 8 ಬಿಟ್ ತಪಾಸಣೆಗೆ ಅಂತಲೇ ಇರುತ್ತವೆ. ಒಂದು ಬಿಟ್ ತಪ್ಪಾದರೆ, ಮೆಮೊರಿ ಓದಿ ಬರೆಯುವ ಮೆಮೊರಿ ಕಂಟ್ರೋಲರ್ ದಾರಿಯಲ್ಲೇ ತಿದ್ದಿ ಕೊಡುತ್ತದೆ. ಮೆಮ್‌ಟೆಸ್ಟ್‌ಗೆ ಸಿಗುವುದು ತಿದ್ದಿದ ಡೇಟಾ. ಹಾಗಾಗಿ ಅದರ ಪರದೆಗಿಂತ ಸರ್ವರ್‌ನ ಸಿಸ್ಟಮ್ ಈವೆಂಟ್ ಲಾಗ್ ಮುಖ್ಯ. ಲಿನಕ್ಸ್ ಇದ್ದರೆ ರಾಸ್‌ಡೀಮನ್ ಅನ್ನುವ ಪ್ರೋಗ್ರಾಂ ಹಾಕಿಡಿ. ಯಾವ ಸ್ಲಾಟ್‌ನಲ್ಲಿ ಎಷ್ಟು ತಿದ್ದುಪಡಿ ಆಯಿತು ಅಂತ ಅದು ಬರೆದಿಡುತ್ತದೆ.

ಈಗ ಅಸಲಿ ಪರೀಕ್ಷೆ. ಬೇರೆ ಏನು ಮಾಡದಿದ್ದರೂ ಇದನ್ನು ಮಾಡಿ. ಹಳೇ ಲಾಗನ್ನು ಉಳಿಸಿಕೊಂಡು ಅಳಿಸಿ, ಇಲ್ಲದಿದ್ದರೆ ಹಳೇ ದೋಷ ಯಾವುದು, ಹೊಸದು ಯಾವುದು ಅಂತ ಗೊಂದಲ ಆಗುತ್ತದೆ. ಸರ್ವರ್ ಆಫ್ ಮಾಡಿ, ಪವರ್ ಕೇಬಲ್ ಎರಡನ್ನೂ ಕೀಳಿ, ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಬಿ2ರ ಮಾಡ್ಯೂಲನ್ನು ಮೊದಲ ಪ್ರೊಸೆಸರ್‌ನ ಎ2ಕ್ಕೆ ಹಾಕಿ, ಎ2ರದನ್ನು ಬಿ2ಕ್ಕೆ ಹಾಕಿ. ಎರಡರ ಸೀರಿಯಲ್ ನಂಬರನ್ನೂ ಕಾಗದದ ಮೇಲೆ ಬರೆಯಿರಿ. ನೆನಪಿರುತ್ತೆ ಅಂತ ಬಿಡಬೇಡಿ, ಎರಡು ವಾರದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆ ದಿನ ಬೇರೆ ಏನನ್ನೂ ಮುಟ್ಟಬೇಡಿ. ಬಯಾಸ್ ಅಪ್‌ಡೇಟ್ ಕೂಡ ಬೇಡ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಆಮೇಲೆ ಕಾಯಿರಿ. ನಿಮ್ಮಲ್ಲಿ ದೋಷ ಬರಲು ಒಂದು ವಾರ ಬೇಕು, ಹಾಗಾಗಿ ಎರಡು ವಾರವಾದರೂ ಬಿಡಿ. ದೋಷ ಎ2ಕ್ಕೆ ಹೋದರೆ ಮಾಡ್ಯೂಲೇ ಕೆಟ್ಟಿದೆ. ಬಿ2ರಲ್ಲೇ ಉಳಿದರೆ ಮಾಡ್ಯೂಲ್‌ಗಳು ನಿರಪರಾಧಿಗಳು. ಎಲ್ಲೂ ಬಾರದಿದ್ದರೆ ಸಂಪರ್ಕ ಸಡಿಲ ಇತ್ತು, ಕಿತ್ತು ಹಾಕಿದಾಗ ಸರಿ ಕೂತಿತು ಅಂತ ಅರ್ಥ.

ನನಗನ್ನಿಸುವುದು, ದೋಷ ಬಿ2ರಲ್ಲೇ ಉಳಿಯುತ್ತದೆ. ಯಾಕೆ ಅಂದರೆ ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ: ಎರಡನೇ ಪ್ರೊಸೆಸರನ್ನು ನಾಲ್ಕು ತಿಂಗಳ ಹಿಂದೆ ನೀವೇ ಸೇರಿಸಿದ್ದು. ದೋಷ ಶುರುವಾಗಿದ್ದು ಅದರ ಮುಂದಿನ ತಿಂಗಳು, ಅಲ್ವಾ? ಮೆಮೊರಿ ಕಂಟ್ರೋಲರ್ ಈಗ ಪ್ರೊಸೆಸರ್ ಒಳಗೇ ಇದೆ. ಎಎಂಡಿ ಆಪ್ಟೆರಾನ್‌ನಲ್ಲಿ 2003ರಿಂದ, ಇಂಟೆಲ್ ಕ್ಸಿಯಾನ್‌ನಲ್ಲಿ 2009ರ 5500 ಸರಣಿಯಿಂದ ಹೀಗೆ. ಅಂದರೆ ಬಿ2ರ ತಂತಿಗಳೆಲ್ಲ ಎರಡನೇ ಪ್ರೊಸೆಸರ್ ಕೆಳಗಿನ ಸಣ್ಣ ಸಣ್ಣ ಪಿನ್‌ಗಳನ್ನು ಹಾದು ಹೋಗಬೇಕು. ಪ್ರೊಸೆಸರ್ ಕೂರುವ ಸಾಕೆಟ್ ಎಲ್‌ಜಿಎ 3647 ಆದರೆ ಅಂಥ 3647 ಪಿನ್‌ಗಳಿರುತ್ತವೆ. ಒಂದು ಬಾಗಿದರೂ, ಒಂದರ ಮೇಲೆ ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ (ಅದರ ಶಾಖ ಹೀರುವ ಲೋಹದ ಭಾಗ) ನಡುವೆ ಹಚ್ಚುವ ಪೇಸ್ಟ್ ಅಂಟಿದರೂ ಒಂದು ಮೆಮೊರಿ ಚಾನಲ್ (ಪ್ರೊಸೆಸರ್‌ನಿಂದ ಸ್ಲಾಟ್‌ಗೆ ಹೋಗುವ ದಾರಿ) ಮಾತ್ರ ತೊಂದರೆ ಕೊಡಬಹುದು. ಉಳಿದದ್ದೆಲ್ಲ ಚೆನ್ನಾಗಿಯೇ ಓಡುತ್ತದೆ.

ಇದು ನನಗೂ ಆಗಿದೆ. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಒಂದು ಸರ್ವರ್‌ಗೆ ಮೂರು ಮಾಡ್ಯೂಲ್ ಹಾಕಿ, ಮದರ್‌ಬೋರ್ಡ್ ಬೇಕು ಅಂತ ಬರೆಯಲು ಕೂತಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು: "ಇದರ ಹೀಟ್‌ಸಿಂಕ್ ಯಾವಾಗ ಬಿಚ್ಚಿದ್ದು?" ಎರಡು ತಿಂಗಳ ಹಿಂದೆ ಪೇಸ್ಟ್ ಬದಲಾಯಿಸಲು ಬಿಚ್ಚಿದ್ದರು. ನೋಡಿದರೆ ಒಂದು ಮೂಲೆಯ ಸ್ಕ್ರೂ ಬಿಗಿ, ಎದುರು ಮೂಲೆಯದು ಕೈಯಲ್ಲೇ ತಿರುಗುವಷ್ಟು ಸಡಿಲ. ಪ್ರೊಸೆಸರ್ ಓರೆಯಾಗಿ ಒತ್ತಿಕೊಂಡಿತ್ತು. ಬಿಚ್ಚಿ, ಹೊಸ ಪೇಸ್ಟ್ ಹಾಕಿ, ಲೇಬಲ್‌ನಲ್ಲಿ ಬರೆದ ಕ್ರಮದಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದೆವು. ಆ ದೋಷ ಮತ್ತೆ ಬರಲೇ ಇಲ್ಲ. ತೆಗೆದಿಟ್ಟಿದ್ದ ಮೂರು ಮಾಡ್ಯೂಲ್‌ಗಳೂ ಬೇರೆ ಯಂತ್ರದಲ್ಲಿ ಚೆನ್ನಾಗಿ ಓಡಿದವು. ಅಂದಿನಿಂದ ಯಾರೇ ಮೆಮೊರಿ ದೋಷ ಅಂದರೂ ನಾನು ಮೊದಲು ಕೇಳುವುದು ಇದೇ ಪ್ರಶ್ನೆ.

ನೀವೂ ಅದನ್ನೇ ನೋಡಿ. ಪ್ರೊಸೆಸರ್ ತೆಗೆದ ಮೇಲೆ ಸಾಕೆಟ್‌ನ ಫೋಟೋ ತೆಗೆಯಿರಿ, ಟಾರ್ಚನ್ನು ಪಕ್ಕದಿಂದ ಹಿಡಿದು. ಪಿನ್‌ಗಳೆಲ್ಲ ಒಂದೇ ರೀತಿ ಹೊಳೆಯಬೇಕು. ಹೊಳಪು ತಪ್ಪಿದ ಕಡೆ ಪಿನ್ ಬಾಗಿದೆ. ಬಾಗಿದ್ದರೆ ನೀವಾಗಿಯೇ ನೆಟ್ಟಗೆ ಮಾಡಲು ಹೋಗಬೇಡಿ, ಮುರಿದರೆ ಬೋರ್ಡೇ ಹೋಯಿತು. ಪಿನ್ ಎಲ್ಲ ಸರಿ ಇದ್ದರೆ ಎರಡೂ ಪ್ರೊಸೆಸರ್‌ಗಳನ್ನು ಅದಲು ಬದಲು ಮಾಡಿ. ದೋಷ ಎ2ಕ್ಕೆ ಬಂದರೆ ಪ್ರೊಸೆಸರ್, ಬಿ2ರಲ್ಲೇ ನಿಂತರೆ ಬೋರ್ಡ್.

ಇನ್ನೊಂದು ಮಾತು. ಮಾಡ್ಯೂಲ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವವರಿದ್ದಾರೆ. ಬೇಡ. ಲೇಪ ಸವೆಯುತ್ತದೆ, ಪುಡಿ ಸ್ಲಾಟ್ ಒಳಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು.

ಪ್ರಶ್ನೆ: ನಮ್ಮಲ್ಲಿ ಆಪ್ಟೇನ್ ಪರ್ಸಿಸ್ಟೆಂಟ್ ಮೆಮೊರಿ ಇದೆ. ಒಂದು ಮಾಡ್ಯೂಲ್ ಪದೇ ಪದೇ ಎಚ್ಚರಿಕೆ ಕೊಡುತ್ತಿದೆ. ಅದನ್ನೂ ಹೀಗೇ ಬೇರೆ ಸ್ಲಾಟ್‌ಗೆ ಹಾಕಿ ನೋಡಬಹುದೇ?

ಉತ್ತರ: ಬ್ಯಾಕಪ್ ಆಗುವವರೆಗೆ ಅದನ್ನು ಮುಟ್ಟಲೇಬೇಡಿ. ಸಾಮಾನ್ಯ ಮೆಮೊರಿ ಪವರ್ ಹೋದರೆ ಖಾಲಿ. ಇದು ಹಾಗಲ್ಲ, ಆ್ಯಪ್ ಡೈರೆಕ್ಟ್ ಅನ್ನುವ ಮೋಡ್‌ನಲ್ಲಿ ಪವರ್ ಹೋದರೂ ಡೇಟಾ ಮಾಡ್ಯೂಲ್‌ನಲ್ಲೇ ಉಳಿಯುತ್ತದೆ. ಇಂಟರ್‌ಲೀವ್, ಅಂದರೆ ಮಾಡ್ಯೂಲ್‌ಗಳನ್ನು ಒಂದು ಗುಂಪಾಗಿ ಜೋಡಿಸಿದ್ದರೆ ಒಂದೇ ಫೈಲ್ ಆ ಪ್ರೊಸೆಸರ್‌ನ ಎಲ್ಲ ಮಾಡ್ಯೂಲ್‌ಗಳ ಮೇಲೆ ಹಂಚಿಹೋಗಿರುತ್ತದೆ. ಒಂದನ್ನು ಕಿತ್ತರೆ ಇಡೀ ಗುಂಪೇ ಓದಲು ಸಿಗುವುದಿಲ್ಲ. ಮೊದಲು ಈ ಮಾಡ್ಯೂಲ್‌ಗಳನ್ನು ನಿರ್ವಹಿಸುವ ಐಪಿಎಂಸಿಟಿಎಲ್ ಪ್ರೋಗ್ರಾಂನಲ್ಲಿ ಮಾಡ್ಯೂಲ್‌ನ ಆರೋಗ್ಯ ಸ್ಥಿತಿ ಮತ್ತು ಉಳಿದ ಬಾಳಿಕೆ ನೋಡಿ. ಇಂಟೆಲ್ 2022ರಲ್ಲೇ ಆಪ್ಟೇನ್ ವ್ಯವಹಾರ ನಿಲ್ಲಿಸುವುದಾಗಿ ಹೇಳಿದೆ. ಆದ್ದರಿಂದ ಬಿಡಿ ಮಾಡ್ಯೂಲ್ ಹುಡುಕುವ ಜೊತೆಗೆ, ಆ ಡೇಟಾವನ್ನು ಎನ್‌ವಿಎಂಇ ಡಿಸ್ಕ್‌ಗೆ ಸಾಗಿಸುವ ಕೆಲಸವನ್ನೂ ಈ ವಾರವೇ ಶುರು ಮಾಡಿ.