ಟೆಕ್ಸಸ್‌ನ ಕೃಷ್ಣಮೃಗ ಬೇಟೆ: ಆ ಹಣ ಯಾವುದಕ್ಕೆ, ಯಾರಿಗೆ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರಾಂಶ: “ಅಮೆರಿಕದ ಟೆಕ್ಸಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಒಂದು ಬೇಟೆ ರ‍್ಯಾಂಚಿನ (ವಿಶಾಲ ಖಾಸಗಿ ಹುಲ್ಲುಗಾವಲು ಜಮೀನಿನ) ದರಪಟ್ಟಿಯಲ್ಲಿ ನಮ್ಮ ಕೃಷ್ಣಮೃಗ, ಚುಕ್ಕೆ ಜಿಂಕೆ, ನೀಲಗಾಯಿಗಳ ಹೆಸರು ನೋಡಿದೆ. ನಾನು ಬೇಟೆಗಾರನಲ್ಲ, ಆಗುವ ಆಸೆಯೂ ಇಲ್ಲ. ರಾಣೆಬೆನ್ನೂರಿನಲ್ಲಿ ಕೊಂದರೆ ಜೈಲಿಗೆ ಹೋಗಬೇಕಾದ ಪ್ರಾಣಿಗೆ ಅಲ್ಲಿ ಬೆಲೆ ಹೇಗೆ ಬಂತು? ಆ ಹಣ ಯಾವುದಕ್ಕೆ, ಯಾರಿಗೆ? ನಮ್ಮಲ್ಲೂ ಹಾಗೆ ಹಣ ಪಡೆದು ಅನುಮತಿ ಕೊಟ್ಟರೆ ಬೆಳೆ ಕಳೆದುಕೊಂಡ ರೈತರಿಗೆ ಪರಿಹಾರ ಕೊಡಬಹುದಲ್ಲವೇ?”

ಮಾನ್ಯರೇ,

ಈ ಪ್ರಾಣಿಗಳು ಟೆಕ್ಸಸ್‌ಗೆ ಹೋಗಿ ಸುಮಾರು ಒಂದು ಶತಮಾನವಾಗುತ್ತ ಬಂದಿದೆ. 1930ರ ಆಸುಪಾಸಿನಲ್ಲಿ ಅಲ್ಲಿನ ದೊಡ್ಡ ಜಮೀನುದಾರರು ಅವುಗಳನ್ನು ತರಿಸಿ ತಮ್ಮ ಹುಲ್ಲುಗಾವಲುಗಳಲ್ಲಿ ಬಿಟ್ಟರು. ನೀಲಗಾಯಿ ದಕ್ಷಿಣದ ಕಿಂಗ್ ರ‍್ಯಾಂಚಿನಲ್ಲಿ ನೆಲೆಯೂರಿತು. ಚುಕ್ಕೆ ಜಿಂಕೆ ಮತ್ತು ಕೃಷ್ಣಮೃಗಗಳು ರಾಜ್ಯದ ನಡುಭಾಗದ ಎಡ್ವರ್ಡ್ಸ್ ಪ್ರಸ್ಥಭೂಮಿಯ ಗುಡ್ಡಗಳಲ್ಲಿ ಹೆಚ್ಚಿದವು.

ಬೆಲೆ ಹುಟ್ಟಿದ್ದು ಅಲ್ಲಿನ ಕಾನೂನಿನಿಂದ. ಟೆಕ್ಸಸ್‌ನ ಸ್ವಂತ ಪ್ರಾಣಿಯಾದ ಬಿಳಿಬಾಲದ ಜಿಂಕೆ ರಾಜ್ಯದ ಜನರ ಸೊತ್ತು. ಅದರ ಬೇಟೆಗೆ ನಿಗದಿತ ಋತುವಿದೆ, ಒಬ್ಬರು ಇಷ್ಟೇ ಹೊಡೆಯಬೇಕೆಂಬ ಮಿತಿಯಿದೆ. ಹೊರದೇಶದಿಂದ ಬಂದ ಪ್ರಾಣಿಗಳಿಗೆ ಸರ್ಕಾರದ ಋತುವೂ ಇಲ್ಲ, ಮಿತಿಯೂ ಇಲ್ಲ. ಲೈಸೆನ್ಸ್ ಇದ್ದು ಜಮೀನಿನ ಮಾಲೀಕ ಒಪ್ಪಿದರೆ ವರ್ಷವಿಡೀ ಹೊಡೆಯಬಹುದು. ರಾಜ್ಯದ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಖಾಸಗಿಯವರದಾದ್ದರಿಂದ ಮಾಲೀಕ ಹೇಳಿದ್ದೇ ದರ. ಸರ್ಕಾರಕ್ಕೆ ಸಲ್ಲುವ ಲೈಸೆನ್ಸ್ ಶುಲ್ಕ ಒಟ್ಟು ಖರ್ಚಿನಲ್ಲಿ ತೀರ ಚಿಕ್ಕ ಭಾಗ.

ಗಂಡು ಕೃಷ್ಣಮೃಗಕ್ಕೆ ಸಾಮಾನ್ಯವಾಗಿ ಎರಡರಿಂದ ಮೂರೂವರೆ ಸಾವಿರ ಡಾಲರ್ ಕೇಳುತ್ತಾರೆ. ಚುಕ್ಕೆ ಜಿಂಕೆಯ ಗಂಡಿಗೂ ಹೆಚ್ಚುಕಡಿಮೆ ಅಷ್ಟೇ, ಆದರೆ ಕೊಂಬಿನ ಮುಖ್ಯ ಕವಲು 30 ಇಂಚು ದಾಟಿದರೆ ದರ ಏರುತ್ತದೆ. ಕೃಷ್ಣಮೃಗದಲ್ಲಿ ಕೊಂಬಿನ ತಿರುವುಗಳನ್ನೂ, ವಯಸ್ಸಾದಂತೆ ಕಂದಿನಿಂದ ಕಪ್ಪಿಗೆ ತಿರುಗುವ ಮೈಬಣ್ಣವನ್ನೂ ನೋಡಿ ದರ ಕಟ್ಟುತ್ತಾರೆ. ಮಾಂಸಕ್ಕೆಂದು ಹೊಡೆಯುವ ಹೆಣ್ಣಿಗೆ ಕೆಲವೇ ನೂರು ಡಾಲರ್. ಒಂದೇ ಹಿಂಡಿನ ಎರಡು ಪ್ರಾಣಿಗಳ ನಡುವೆ ಹತ್ತು ಪಟ್ಟು ವ್ಯತ್ಯಾಸ ತರುವುದು ಗೋಡೆಯ ಮೇಲೆ ತೂಗುಹಾಕಬಹುದಾದ ತಲೆ ಮಾತ್ರ.

ಇದರ ಮೇಲೆ ವಸತಿ, ಊಟ, ಗೈಡ್‌ನ ದಿನಗೂಲಿ, ಟಿಪ್ಸ್ ಸೇರುತ್ತವೆ. ಸತ್ತ ಪ್ರಾಣಿಯ ಚರ್ಮ ಸುಲಿದು, ಹದಮಾಡಿ, ತಲೆಯನ್ನು ಭುಜದವರೆಗೆ ಕೂರಿಸಿಕೊಡಲು ಮತ್ತೆ ಸಾವಿರ ಡಾಲರಿನ ಆಸುಪಾಸು ಬೇಕು. (ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ರಾಜಮಹಾರಾಜರ ಹುಲಿ, ಚಿರತೆಗಳಿಗೆ ದಶಕಗಳ ಕಾಲ ಆಗುತ್ತಿದ್ದುದು ಇದೇ ಕೆಲಸ, ನಮ್ಮ ಹಿರಿಯ ಓದುಗರಲ್ಲಿ ಕೆಲವರಾದರೂ ಅದನ್ನು ಕಂಡಿರಬಹುದು.) ಕರಾರಿನಲ್ಲಿ ಬಹುಪಾಲು ಕಡೆ ಇರುವ ಒಂದು ಷರತ್ತು ನನ್ನನ್ನು ಬಹಳ ಕಾಡಿತು: ನೆಲದ ಮೇಲೆ ರಕ್ತದ ಹನಿ ಕಂಡರೆ ಸಾಕು, ಪ್ರಾಣಿ ಸಿಗಲಿ ಬಿಡಲಿ, ಪೂರ್ತಿ ಹಣ ಕೊಡಬೇಕು. ಗುರಿ ತಪ್ಪಿ ಹೊಟ್ಟೆಗೋ ಕಾಲಿಗೋ ಗುಂಡು ತಗುಲಿದ ಪ್ರಾಣಿ ಪೊದೆಯೊಳಗೆ ಎಷ್ಟು ದಿನ ನರಳಿತೆಂಬುದು ಲೆಕ್ಕಕ್ಕೆ ಬರುವುದಿಲ್ಲವಾದರೂ ಅದರ ಹಣ ಮಾಲೀಕನ ಕೈ ಸೇರಿರುತ್ತದೆ.

ಆಫ್ರಿಕಕ್ಕೆ ಹೋದರೆ ದಿನದ ಶುಲ್ಕವೇ ಬೇರೆ, ಪ್ರಾಣಿಯ ಶುಲ್ಕವೇ ಬೇರೆ. ದಕ್ಷಿಣ ಆಫ್ರಿಕದಲ್ಲಿ ಜಿಂಕೆಯಂಥ ಇಂಪಾಲಕ್ಕೆ ಕೆಲವು ನೂರು ಡಾಲರ್ ಸಾಕಾದರೆ ಕಾಡೆಮ್ಮೆಗೆ ಹತ್ತು ಸಾವಿರ ದಾಟುತ್ತದೆ. 2014ರಲ್ಲಿ ನಮೀಬಿಯದ ಒಂದು ಕಪ್ಪು ಘೇಂಡಾಮೃಗವನ್ನು ಹೊಡೆಯುವ ಪರವಾನಗಿ ಅಮೆರಿಕದ ಡಲ್ಲಾಸ್‌ನಲ್ಲಿ ಮೂರೂವರೆ ಲಕ್ಷ ಡಾಲರಿಗೆ ಹರಾಜಾಗಿತ್ತು.

ಇನ್ನು, ಹಣ ಯಾರಿಗೆ ಎಂಬ ಪ್ರಶ್ನೆ. ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದದ್ದು ಇದೇ ಎಂದು ನನಗನ್ನಿಸುತ್ತದೆ. ಪಾಕಿಸ್ತಾನದ ಗಿಲ್ಗಿಟ್ ಮತ್ತು ಚಿತ್ರಾಲ್ ಕಡೆಯ ಪರ್ವತಗಳಲ್ಲಿ ತಿರುಚಿದ ಕೊಂಬಿನ ಕಾಡುಮೇಕೆಯಾದ ಮಾರ್ಖೋರ್‌ಗೆ ವರ್ಷಕ್ಕೆ ಬೆರಳೆಣಿಕೆಯಷ್ಟೇ ಪರವಾನಗಿ ಕೊಡುತ್ತಾರೆ. ಒಂದೊಂದು ಪರವಾನಗಿ ಒಂದು ಲಕ್ಷ ಡಾಲರನ್ನೂ ಮೀರಿ ಹೋಗುತ್ತದೆ, ಅದರಲ್ಲಿ ಶೇ. 80ರಷ್ಟು ಅಲ್ಲಿನ ಹಳ್ಳಿಗಳಿಗೆ ಸಲ್ಲುತ್ತದೆ. ಹಿಂದೆ ಮಾಂಸಕ್ಕಾಗಿ ಕೊಲ್ಲುತ್ತಿದ್ದ ಹಳ್ಳಿಗರೇ ಈಗ ಕಾವಲು ಕಾಯುತ್ತಾರೆ, ಮಾರ್ಖೋರ್‌ಗಳ ಸಂಖ್ಯೆಯೂ ಹೆಚ್ಚಿದೆ. ಬೇಟೆಯನ್ನು ಒಪ್ಪದ ನಾನು ಕೂಡ ಇದನ್ನು ಅಲ್ಲಗಳೆಯಲಾರೆ. ಟೆಕ್ಸಸ್‌ನ ಹಣವಾದರೋ ರ‍್ಯಾಂಚಿನ ಮಾಲೀಕನಿಗೆ ಸಲ್ಲುತ್ತದೆ. ಪಾಕಿಸ್ತಾನದ ಕಾಡುಗಳಲ್ಲಿ ಕೃಷ್ಣಮೃಗ ಅಳಿದುಹೋದಾಗ, 1970ರ ಸುಮಾರಿಗೆ, ಅಲ್ಲಿನ ಲಾಲ್ ಸುಹಾನ್ರಾ ರಾಷ್ಟ್ರೀಯ ಉದ್ಯಾನದಲ್ಲಿ ಅದನ್ನು ಮತ್ತೆ ಬೆಳೆಸಲು ಟೆಕ್ಸಸ್‌ನಿಂದಲೇ ಪ್ರಾಣಿಗಳು ಬಂದವೆಂಬ ಉಪಕಾರವನ್ನು ನೆನೆಯಲೇಬೇಕು. ಆದರೂ ಅಲ್ಲಿನ ರ‍್ಯಾಂಚಿನಲ್ಲಿ ಇಂದು ತೆರುವ ಮೂರು ಸಾವಿರ ಡಾಲರಿನಲ್ಲಿ ನಮ್ಮ ನೆಲದ ಕೃಷ್ಣಮೃಗಕ್ಕೆ ಒಂದು ಹಿಡಿ ಹುಲ್ಲೂ ಸಿಗುವುದಿಲ್ಲ.

ನಿಮ್ಮ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಕೃಷ್ಣಮೃಗವಿದೆ, ಅದನ್ನು ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸವಿದೆ. ಕಾನೂನನ್ನು ಬದಿಗಿಟ್ಟು ಯೋಚಿಸಿದರೂ ಮಾರ್ಖೋರ್ ಇರುವುದು ಜನವಸತಿ ವಿರಳವಾದ ಕಡಿದಾದ ಬಂಡೆಗಳ ನಡುವೆ. ರಾಣೆಬೆನ್ನೂರು ಸೀಮೆಯ ಕೃಷ್ಣಮೃಗ ಮೇಯುವುದು ಆಳುಗಳು ಕಳೆ ಕೀಳುತ್ತಿರುವ ಹೊಲದ ಬದುವಿನಲ್ಲಿ. ಅಲ್ಲಿ ದೂರಕ್ಕೆ ಹಾರುವ ರೈಫಲ್ ಗುಂಡಿಗೆ ಜಾಗವೆಲ್ಲಿದೆ? ಬಯಲುಹುಲ್ಲಿನ ಪ್ರಾಣಿಗೆಂದು ಮೀಸಲಿಟ್ಟ ಆ ಅಭಯಾರಣ್ಯದಲ್ಲಿ ನೀಲಗಿರಿ ಮರ ನೆಟ್ಟು ನಾವೇ ಅದನ್ನು ಹೊಲಗಳತ್ತ ದೂಡಿದ್ದೇವೆ. ಅದರ ಖರ್ಚನ್ನು ಈಗ ಸುತ್ತಲಿನ ರೈತರು ಒಬ್ಬೊಬ್ಬರೇ ಹೊರುತ್ತಿದ್ದಾರೆ. ಆ ಹಣ ಬೇಟೆಗಾರನಿಂದ ಬರಬೇಕಾಗಿಲ್ಲ, ಕೃಷ್ಣಮೃಗ ಉಳಿಯಲೆಂದು ಬಯಸುವ ನಮ್ಮೆಲ್ಲರ ಬೊಕ್ಕಸದಿಂದ ಬರಬೇಕು, ಅದೂ ಮುಂದಿನ ಬಿತ್ತನೆಗೆ ಮುಂಚೆಯೇ ರೈತರ ಕೈ ಸೇರಬೇಕು. ನಿಮ್ಮ ಊರಿನಲ್ಲಿ ಬೆಳೆಹಾನಿಗೆ ಅರ್ಜಿ ಕೊಟ್ಟವರಿಗೆ ಎಷ್ಟು ಪರಿಹಾರ, ಎಷ್ಟು ತಿಂಗಳ ನಂತರ ಸಿಕ್ಕಿದೆಯೆಂದು ವಿಚಾರಿಸಿ ಬರೆದು ಕಳುಹಿಸಿದರೆ ಅದನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ