ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾತ್ ನಗರವನ್ನು ನಡೆದು ನೋಡುವುದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಬಾತ್ ನಗರದಲ್ಲಿ ಒಂದು ದಿನ ಕಳೆಯುವ ಅವಕಾಶ ಒದಗಿದೆ. ಅಲ್ಲಿನ ಕಟ್ಟಡಗಳನ್ನು ನಡೆದೇ ನೋಡಬೇಕೆಂದು ಹಲವರು ಹೇಳುತ್ತಾರೆ. ಚಿತ್ರಗಳಲ್ಲಿ ಮಾತ್ರ ಎಲ್ಲ ಬೀದಿಗಳೂ ಒಂದೇ ಬಣ್ಣದ, ಒಂದೇ ಬಗೆಯ ಮನೆಸಾಲುಗಳಾಗಿ ಕಾಣುತ್ತವೆ. ಎಲ್ಲಿಂದ ಆರಂಭಿಸಬೇಕು, ಏನನ್ನು ಗಮನಿಸಬೇಕು?

ಉತ್ತರ: ತಾವು ಕಂಡ ಆ ಏಕರೂಪವೇ ಈ ನಗರದ ಮುಖ್ಯ ವಿಷಯ. ಅದು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಪ್ರತಿ ಬೀದಿಯೂ ಬೇರೆಯಾಗಿ ಕಾಣತೊಡಗುತ್ತದೆ.

ಬಣ್ಣದ ಕಾರಣ ಸರಳವಾಗಿದೆ. ನಗರದ ಸುತ್ತಲಿನ ಗುಡ್ಡಗಳಲ್ಲಿ ಸಿಗುವ, ಜೇನಿನ ಬಣ್ಣದ ಸುಣ್ಣಕಲ್ಲಿನಿಂದಲೇ ಊರು ಎದ್ದಿದೆ. ಗಣಿಯಿಂದ ಹೊಸದಾಗಿ ತೆಗೆದಾಗ ಈ ಕಲ್ಲು ಮೃದುವಾಗಿರುತ್ತದೆ. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಯಾವ ದಿಕ್ಕಿನಲ್ಲಿಯೂ ಕತ್ತರಿಸಬಹುದಾದ್ದರಿಂದ ನಯವಾದ ಗೋಡೆಗೂ ಸೂಕ್ಷ್ಮ ಕೆತ್ತನೆಗೂ ಇದೇ ಒದಗುತ್ತದೆ. ಕೂಂಬ್ ಡೌನ್ ಗುಡ್ಡದ ಗಣಿಗಳ ಒಡೆಯ ರಾಲ್ಫ್ ಅಲೆನ್ 1730ರ ದಶಕದ ಆರಂಭದಲ್ಲೇ ಹಳಿಗಳನ್ನು ಹಾಕಿಸಿ, ಕಲ್ಲನ್ನು ಬಂಡಿಗಳಲ್ಲಿ ಏವನ್ ನದಿಯ ದಡಕ್ಕೆ ಇಳಿಸುತ್ತಿದ್ದನು.

ರೂಪದ ಕಾರಣ ಇನ್ನೂ ಸ್ವಾರಸ್ಯಕರವಾದುದು; ಅದನ್ನು ತಿಳಿಯಲು ನಡಿಗೆಯನ್ನು ಕ್ವೀನ್ ಸ್ಕ್ವೇರ್‌ನಿಂದ ಆರಂಭಿಸುವುದು ಒಳ್ಳೆಯದು. 1728ರಿಂದ 1736ರವರೆಗೆ ಇದನ್ನು ರೂಪಿಸಿದವನು ಹಿರಿಯ ಜಾನ್ ವುಡ್ ಎಂಬ ವಾಸ್ತುಶಿಲ್ಪಿ. ಚೌಕದ ಉತ್ತರ ಭಾಗದ ಎದುರು ನಿಂತರೆ, ನಡುವೆ ತ್ರಿಕೋನ ಶಿರೋಭಾಗವಿರುವ ಒಂದು ದೊಡ್ಡ ಅರಮನೆ ಕಾಣುತ್ತದೆ. ಬಾಗಿಲುಗಳನ್ನು ಎಣಿಸಿದಾಗ ಮಾತ್ರ ಅದು ಅಕ್ಕಪಕ್ಕದ ಹಲವು ಮನೆಗಳ ಸಾಲೆಂದು ತಿಳಿಯುತ್ತದೆ. ವುಡ್ ನೆಲವನ್ನು ರಾಬರ್ಟ್ ಗೇ ಎಂಬ ಭೂಮಾಲೀಕನಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆದು, ನಿವೇಶನಗಳಾಗಿ ಹಂಚಿ, ಮನೆ ಕಟ್ಟುವವರಿಗೆ ಮರುಗುತ್ತಿಗೆ ಕೊಟ್ಟನು. ಬೀದಿಗೆ ಕಾಣುವ ಮುಂಗೋಡೆ ತನ್ನ ನಕ್ಷೆಯಂತೆಯೇ ಇರಬೇಕು, ಅದರ ಹಿಂದೆ ಕೋಣೆಗಳು ಹೇಗಾದರೂ ಇರಲಿ ಎಂಬುದು ಅವನ ಷರತ್ತು. ಊರಿನ ಬಿಸಿ ಚಿಲುಮೆಯ ನೀರಿಗಾಗಿಯೂ ಸಮಾಜದ ಒಡನಾಟಕ್ಕಾಗಿಯೂ ಹಂಗಾಮಿನಲ್ಲಿ ಬಂದು ಬಾಡಿಗೆಗೆ ಇಳಿಯುತ್ತಿದ್ದ ಸಿರಿವಂತರಿಗೆ ಅರಮನೆಯ ಒಂದು ಭಾಗದಲ್ಲಿ ವಾಸಿಸುವ ಭಾವ ದೊರಕಿತು. ಒಬ್ಬನೇ ಹೂಡಲಾಗದಷ್ಟು ಬಂಡವಾಳ ಹಲವರಿಂದ ಕೂಡಿಬಂದಿತು. ರಾಜನಾಗಲಿ ಚರ್ಚ್ ಆಗಲಿ ಹಣ ನೀಡದೆ, ಬರಿಯ ಗುತ್ತಿಗೆಪತ್ರಗಳ ಬಲದಿಂದ ಇಷ್ಟು ಶಿಸ್ತಿನ ನಗರವೊಂದು ಎದ್ದು ನಿಂತುದು ನನಗೆ ಇಲ್ಲಿನ ಅತ್ಯಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಅಲ್ಲಿಂದ ಗೇ ಸ್ಟ್ರೀಟ್ ಏರಿದರೆ ಸರ್ಕಸ್ ಎಂಬ ವೃತ್ತಾಕಾರದ ಮನೆಸಾಲು ಎದುರಾಗುತ್ತದೆ. 1754ರಲ್ಲಿ ಕೆಲಸ ಆರಂಭವಾದ ಕೆಲವೇ ತಿಂಗಳಲ್ಲಿ ಹಿರಿಯ ವುಡ್ ತೀರಿಕೊಂಡನು. ಅದೇ ಹೆಸರಿನ ಮಗ 1768ರ ಹೊತ್ತಿಗೆ ಅದನ್ನು ಪೂರೈಸಿದನು. ವೃತ್ತವನ್ನು ಮೂರು ಕಮಾನುಸಾಲುಗಳಾಗಿ ವಿಂಗಡಿಸಿ ಮೂರು ಬೀದಿಗಳನ್ನು ಒಳಕ್ಕೆ ತಂದಿರುವುದರಿಂದ, ಯಾವ ಬೀದಿಯಿಂದ ಬಂದರೂ ಬಾಗಿದ ಮನೆಸಾಲೊಂದು ನೇರವಾಗಿ ಕಣ್ಣಿಗೆ ಬೀಳುತ್ತದೆ. ಕಂಬಗಳು ಜೋಡಿಜೋಡಿಯಾಗಿದ್ದು, ಪ್ರಾಚೀನ ಗ್ರೀಕ್ ವಾಸ್ತುವಿನ ಮೂರು ಶೈಲಿಗಳಲ್ಲಿವೆ: ಕೆಳಗೆ ಡೋರಿಕ್, ನಡುವೆ ಅಯೋನಿಕ್, ಮೇಲೆ ಕೊರಿಂಥಿಯನ್. ಕೆಳಗಿನ ಕಂಬಗಳ ಮೇಲಿನ ಪಟ್ಟಿಕೆಯನ್ನು ಅವಸರವಿಲ್ಲದೆ ನೋಡಬೇಕು. ಹಾವು, ಸಂಗೀತವಾದ್ಯ, ಅಳತೆಯ ಉಪಕರಣ ಮುಂತಾದ 500ಕ್ಕೂ ಹೆಚ್ಚು ಚಿಹ್ನೆಗಳನ್ನು ಅಲ್ಲಿ ಕೆತ್ತಲಾಗಿದೆ. ಚಾವಣಿಯಂಚಿನಲ್ಲಿರುವುದು ಕಲ್ಲಿನ ಓಕ್ ಕಾಯಿಗಳು. ಹಿರಿಯ ವುಡ್ ಬ್ರಿಟನ್ನಿನ ಪ್ರಾಚೀನ ಶಿಲಾವೃತ್ತಗಳಲ್ಲಿ ಅಪಾರ ಆಸಕ್ತಿಯುಳ್ಳವನಾಗಿದ್ದು, ಸ್ಟೋನ್‌ಹೆಂಜನ್ನು ಸ್ವತಃ ಅಳೆದಿದ್ದನು. ಈ ವೃತ್ತದ ಕಲ್ಪನೆಯನ್ನು ಅದರೊಂದಿಗೆ ಹೊಂದಿಸಿ ನೋಡುವವರಿದ್ದಾರೆ. ನಡುವಿನ ದೊಡ್ಡ ಮರಗಳು ಮೂಲ ಯೋಜನೆಯಲ್ಲಿ ಇರಲಿಲ್ಲ. ಆಗ ಅದು ಕಲ್ಲು ಹಾಸಿದ ಬಯಲಾಗಿತ್ತು.

ಸರ್ಕಸ್‌ನಿಂದ ಮುಂದಕ್ಕೆ ಹೋಗುವ ಬ್ರಾಕ್ ಸ್ಟ್ರೀಟ್ ಸಾಧಾರಣ ಬೀದಿಯೆಂದು ಬೇಸರಪಡಬೇಡಿ. ಅದರ ತುದಿ ಮುಟ್ಟುವವರೆಗೆ ರಾಯಲ್ ಕ್ರೆಸೆಂಟ್ ಕಾಣಿಸುವುದೇ ಇಲ್ಲ. ತಿರುವಿನಲ್ಲಿ ಒಮ್ಮೆಗೇ 30 ಮನೆಗಳ ಅರ್ಧಚಂದ್ರ ಮತ್ತು ಅದರ ಮುಂದಿನ ಹುಲ್ಲುಗಾವಲು ತೆರೆದುಕೊಳ್ಳುತ್ತವೆ. ಕಿರಿಯ ವುಡ್ 1767ರಲ್ಲಿ ಆರಂಭಿಸಿದ ಈ ಸಾಲಿನಲ್ಲಿ 114 ಅಯೋನಿಕ್ ಕಂಬಗಳಿವೆ. ತಂದೆ ಮೂರು ಅಂತಸ್ತಿಗೆ ಮೂರು ಬಗೆಯ ಕಂಬಗಳನ್ನು ಇಟ್ಟರೆ, ಮಗ ನೆಲಮಹಡಿಯನ್ನು ಬರಿದಾಗಿ ಬಿಟ್ಟು ಮೇಲಿನ ಎರಡು ಅಂತಸ್ತುಗಳಿಗೂ ಸೇರಿ ಒಂದೇ ಎತ್ತರದ ಕಂಬವನ್ನು ನಿಲ್ಲಿಸಿದನು. ಹುಲ್ಲುಗಾವಲಿನ ನಡುವೆ, ತಗ್ಗಿನಲ್ಲಿ ಅಡಗಿಸಿದ ಗೋಡೆಯೊಂದಿದೆ. ಮೇಯುವ ದನಗಳು ಮನೆಯ ಕಡೆಗೆ ಬಾರದಂತೆಯೂ, ಕಿಟಕಿಯಿಂದ ನೋಡುವವರಿಗೆ ಬೇಲಿ ಕಾಣದಂತೆಯೂ ಮಾಡಿದ ಉಪಾಯವದು. ಒಂದನೇ ಸಂಖ್ಯೆಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಬಹುತೇಕರು ಇಲ್ಲಿಂದಲೇ ಹಿಂದಿರುಗುತ್ತಾರೆ. ತಾವು ದಯವಿಟ್ಟು ಹಾಗೆ ಮಾಡದೆ, ಕ್ರೆಸೆಂಟಿನ ಹಿಂಬದಿಗೂ ಒಮ್ಮೆ ಹೋಗಿ ಬನ್ನಿ. ಒಂದು ಮನೆ ಮುಂದಕ್ಕೆ ಚಾಚಿದೆ, ಇನ್ನೊಂದು ಹಿಂದೆ ಸರಿದಿದೆ; ಕಿಟಕಿಗಳ ಮಟ್ಟ, ಚಾವಣಿಯ ಎತ್ತರ ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಗುತ್ತಿಗೆಪತ್ರ ಎಲ್ಲಿಯವರೆಗೆ ಆಳಿತು, ಎಲ್ಲಿಂದ ಮನೆಯವರ ಇಷ್ಟ ಆರಂಭವಾಯಿತು ಎಂಬುದು ಅಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಮರಳುವಾಗ ಗ್ರಾವೆಲ್ ವಾಕ್ ಎಂಬ ಕಾಲುದಾರಿಯನ್ನು ಹಿಡಿದರೆ ಸರ್ಕಸ್‌ನ ಮನೆಗಳ ಹಿತ್ತಲುಗಳೂ ಕಾಣುತ್ತವೆ.

ದಾರಿಯಲ್ಲಿ ಚಿಕ್ಕ ವಿವರಗಳ ಮೇಲೂ ಕಣ್ಣಿರಲಿ. ಕೆಲವು ಬಾಗಿಲುಗಳ ಪಕ್ಕದ ಕಬ್ಬಿಣದ ಕೊಳವೆ ಪಂಜು ನಂದಿಸಲು ಇಟ್ಟದ್ದು. ಕಾಲುಹಾದಿಯ ಗುಂಡು ಮುಚ್ಚಳಗಳ ಕೆಳಗಿರುವುದು ಕಲ್ಲಿದ್ದಲಿನ ನೆಲಮಾಳಿಗೆ. ಮುಚ್ಚಿದ ಕಿಟಕಿ ಕಂಡೊಡನೆ 1696ರಿಂದ 1851ರವರೆಗೆ ಜಾರಿಯಲ್ಲಿದ್ದ ಕಿಟಕಿ ತೆರಿಗೆಯೇ ಕಾರಣವೆಂದು ಹೇಳುವುದು ವಾಡಿಕೆಯಾದರೂ, ಮುಂಗೋಡೆಯ ಸಮತೋಲಕ್ಕಾಗಿ ಮೊದಲಿನಿಂದಲೇ ಹುಸಿಯಾಗಿ ರಚಿಸಿದ ಕಿಟಕಿಗಳೂ ಇವೆ.

ಪ್ರಶ್ನೆ: ರೋಮನ್ ಸ್ನಾನಗೃಹದ ಚಿತ್ರದಲ್ಲಿ ಕಾಣುವ ಕಂಬಗಳೂ ಪ್ರತಿಮೆಗಳೂ ನಿಜವಾಗಿ ರೋಮನ್ನರ ಕಾಲದವೇ?

ಉತ್ತರ: ಪ್ರತಿಮೆಗಳು ಅಲ್ಲ, ಕಂಬಗಳಲ್ಲಿ ಬುಡದ ಭಾಗ ಮಾತ್ರ ರೋಮನ್ನರದು. ಮಹಾಸ್ನಾನದ ಕೊಳ, ಅದರ ತಳಕ್ಕೆ ಹಾಸಿದ ಸೀಸದ ತಗಡುಗಳು, ಸುತ್ತಲಿನ ಕಲ್ಲುಹಾಸು ಇವು ಪ್ರಾಚೀನವಾದವು. ಅದಕ್ಕೂ ಮೇಲಿನ ಕಂಬಸಾಲು, ಮೊಗಸಾಲೆ, ರೋಮನ್ ಚಕ್ರವರ್ತಿಗಳ ಪ್ರತಿಮೆಗಳು ಇವೆಲ್ಲ 19ನೆಯ ಶತಮಾನದ ಕೊನೆಯವು. ಮೊಗಸಾಲೆ ತೆರೆದದ್ದು 1897ರಲ್ಲಿ. ಕೊಳ ಈಗ ಬಯಲಿಗೆ ತೆರೆದಿದ್ದರೂ ರೋಮನ್ನರ ಕಾಲದಲ್ಲಿ ಅದಕ್ಕೆ ಚಾವಣಿ ಇತ್ತು. ಮೊದಲು ಮರದ ಮಾಡು, ಬಳಿಕ ಭಾರ ತಗ್ಗಿಸಲು ಟೊಳ್ಳು ಇಟ್ಟಿಗೆಗಳನ್ನು ಬಳಸಿದ ಕಮಾನು ಚಾವಣಿ. ಅದರ ಬಿದ್ದ ತುಂಡೊಂದನ್ನು ಅಲ್ಲಿಯೇ ಇರಿಸಿದ್ದಾರೆ. ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ಚಿಲುಮೆ ಇಂದಿಗೂ ದಿನಕ್ಕೆ 11 ಲಕ್ಷ ಲೀಟರಿಗೂ ಹೆಚ್ಚು ನೀರು ಕೊಡುತ್ತಿದೆ.

ಪಕ್ಕದ ಬಾತ್ ಅಬ್ಬೆ ಎಂಬ ಚರ್ಚಿನಲ್ಲಿಯೂ ಇದೇ ಎಚ್ಚರ ಬೇಕು. ಬಿಷಪ್ ಆಲಿವರ್ ಕಿಂಗ್ 1499ರಲ್ಲಿ ಆರಂಭಿಸಿದ ಈ ಚರ್ಚಿನ ಪೂರ್ವ ಭಾಗದಲ್ಲಿರುವ, ಬೀಸಣಿಗೆಯಾಕಾರದ ಕಲ್ಲಿನ ಚಾವಣಿ ರಾಬರ್ಟ್ ಮತ್ತು ವಿಲಿಯಂ ವರ್ಚ್ಯೂ ಎಂಬ ಶಿಲ್ಪಿಗಳ ಕಾಲದ್ದು. ಜನ ಕೂಡುವ ಪಶ್ಚಿಮ ಭಾಗದಲ್ಲಿ ಅದಕ್ಕೆ ಹೊಂದುವಂತೆ ಅಂತಹದೇ ಚಾವಣಿಯನ್ನು ಕಟ್ಟಿಸಿದವನು ಜಾರ್ಜ್ ಗಿಲ್ಬರ್ಟ್ ಸ್ಕಾಟ್, ಅದೂ 1860–70ರ ದಶಕಗಳಲ್ಲಿ. ಹೊರಗೆ ಪಶ್ಚಿಮ ಮುಖದಲ್ಲಿ ಕಲ್ಲಿನ ಏಣಿಗಳನ್ನು ಏರುವ ದೇವದೂತರನ್ನು ಮರೆಯದೆ ನೋಡಿ.

ಪ್ರಶ್ನೆ: ನನಗೆ ಮೊಣಕಾಲು ನೋವಿದೆ. ಈ ನಡಿಗೆ ಸಾಧ್ಯವೇ? ಮಾರ್ಗದರ್ಶಕರು ದುಬಾರಿಯೇ?

ಉತ್ತರ: ಕ್ವೀನ್ ಸ್ಕ್ವೇರ್‌ನಿಂದ ಸರ್ಕಸ್‌ವರೆಗಿನ ಏರು ತುಸು ಕಡಿದಾಗಿದೆ. ಆದ್ದರಿಂದ ತಾವು ರಾಯಲ್ ಕ್ರೆಸೆಂಟ್‌ವರೆಗೆ ವಾಹನದಲ್ಲಿ ಹೋಗಿ, ಮೇಲೆ ಹೇಳಿದ ಕ್ರಮವನ್ನು ತಿರುವುಮುರುವಾಗಿಸಿ ಇಳಿಯುತ್ತ ಬನ್ನಿ. ಅಬ್ಬೆಯ ಸುತ್ತಮುತ್ತ ನೆಲ ಬಹುಮಟ್ಟಿಗೆ ಸಮತಟ್ಟಾಗಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ, ಎರಡೂ ಬದಿಗೆ ಅಂಗಡಿಗಳಿರುವ ಪುಲ್ಟ್ನಿ ಸೇತುವೆಯೂ ಇದೆ. ರಾಬರ್ಟ್ ಆ್ಯಡಂ ರೂಪಿಸಿದ ಅದು 1774ರಲ್ಲಿ ಮುಗಿಯಿತು. ಮೇಲೆ ನಡೆಯುವಾಗ ಸೇತುವೆಯೆಂಬುದೇ ತಿಳಿಯದು, ನದಿಯಂಚಿನ ಗ್ರ್ಯಾಂಡ್ ಪರೇಡ್‌ನಿಂದಲೇ ಅದನ್ನು ನೋಡಬೇಕು. ಮೇಯರರ ಗೌರವ ಮಾರ್ಗದರ್ಶಕರೆಂಬ ಸ್ವಯಂಸೇವಕರ ತಂಡವೊಂದು ಅಬ್ಬೆಯ ಅಂಗಳದಿಂದ ಸುಮಾರು ಎರಡು ಗಂಟೆಯ ನಡಿಗೆಗಳನ್ನು ಉಚಿತವಾಗಿ ನಡೆಸುತ್ತದೆ. ಅವರು ಭಕ್ಷೀಸನ್ನೂ ಸ್ವೀಕರಿಸುವುದಿಲ್ಲ. ವೇಳಾಪಟ್ಟಿಯನ್ನು ಹೊರಡುವ ಮುನ್ನ ಒಮ್ಮೆ ಖಚಿತಪಡಿಸಿಕೊಳ್ಳಿ, ಮತ್ತು ತಮ್ಮ ನಡಿಗೆಯ ವೇಗವನ್ನು ಮಾರ್ಗದರ್ಶಕರಿಗೆ ಆರಂಭದಲ್ಲಿಯೇ ತಿಳಿಸಿ.