ಕಮಿಟ್‌ಮೆಂಟ್ ಎಂದರೆ ಬರೀ ಬದ್ಧತೆಯೇ?

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಕೊನೆ ಕೊಯ್ಯುವ ಕೊನೆಗೌಡರು ‘ಈ ವಾರ ಬೇರೆ ಕಮಿಟ್‌ಮೆಂಟ್ ಇದೆ’ ಅಂತಾರೆ. ಪತ್ರಿಕೆಗಳಲ್ಲಿ ಆ ಪದಕ್ಕೆ ‘ಬದ್ಧತೆ’ ಎಂದಿರುತ್ತದೆ. ಯಾವುದು ಸರಿ? ಶಿಕ್ಷಕಿ ಹುದ್ದೆಯ ಅರ್ಜಿಯಲ್ಲಿ ಹೇಗೆ ಬಳಸಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಸರಿ. ಕೊನೆಗೌಡರು ಹೇಳುವುದು ಒಪ್ಪಿಕೊಂಡ ಕೆಲಸದ ಬಗ್ಗೆ. ಮೂರು ತೋಟಕ್ಕೆ ಮಾತು ಕೊಟ್ಟಿದ್ದರೆ ಮೂರು ಕಮಿಟ್‌ಮೆಂಟ್ಸ್; ಎಣಿಸಬಹುದು, ಬಹುವಚನವೂ ಉಂಟು. ಅಲ್ಲಿ ‘ಬದ್ಧತೆ ಇದೆ’ ಎಂದರೆ ಕನ್ನಡ ಕೆಡುತ್ತದೆ, ‘ಬೇರೆಯವರಿಗೆ ಮಾತು ಕೊಟ್ಟಾಗಿದೆ’ ಎನ್ನುವುದೇ ಚೆಂದ. ತಿಂಗಳು ತಿಂಗಳು ಕಟ್ಟಲೇಬೇಕಾದ ಸಾಲದ ಕಂತಿಗೂ ಇದೇ ಪದ. ಪತ್ರಿಕೆಯ ‘ಬದ್ಧತೆ’ ಮನುಷ್ಯನ ಗುಣ; ಅದನ್ನು ಎಣಿಸಲಾಗದು.

‘ಕಮಿಟ್ ಎ ಕ್ರೈಂ’ (ಅಪರಾಧ ಎಸಗು) ಎಂಬಂಥ ಕಡೆ ಕಮಿಟ್ ಎಂದರೆ ಎಸಗು. ಆ ಅರ್ಥ ಕಮಿಟ್‌ಮೆಂಟ್‌ಗೆ ಬರುವುದಿಲ್ಲ.

ಅರ್ಜಿಯಲ್ಲಿ ಹೆಚ್ಚಿನವರು ಎಡವುವುದು ‘ಟು’ ನಂತರ. ‘ಐ ಆಮ್ ಕಮಿಟೆಡ್ ಟು ಟೀಚ್’ ಎಂದು ಬರೆಯಬೇಡಿ, ‘ಕಮಿಟೆಡ್ ಟು ಟೀಚಿಂಗ್’ ಎನ್ನಿ. ಇಲ್ಲಿ ‘ಟು’ ವಿಭಕ್ತಿಯಂತೆ, ನಮ್ಮ ‘ಬೋಧನೆಗೆ’ ಎಂಬುದರ ‘ಗೆ’ ಇದ್ದ ಹಾಗೆ. ಮುಂದೆ ನಾಮಪದವೇ ಬೇಕು. ಕಾಗುಣಿತದಲ್ಲೂ ಜಾಗ್ರತೆ: ಕಮಿಟ್‌ಮೆಂಟ್‌ನಲ್ಲಿ ಮೊದಲ ಎಂ ಜೋಡಿ, ನಡುವೆ ಟಿ ಒಂದೇ. ಕಮಿಟೆಡ್‌ನಲ್ಲಿ ಟಿ ಎರಡಾಗುತ್ತದೆ, ಏಕೆಂದರೆ ಮುಂದಿನ ಪ್ರತ್ಯಯ ಸ್ವರದಿಂದ ಶುರುವಾಗುತ್ತದೆ.

‘ನನಗೆ ತುಂಬ ಕಮಿಟ್‌ಮೆಂಟ್ ಇದೆ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯದು. ವಾರಕ್ಕೆ ಎಷ್ಟು ತರಗತಿ ತೆಗೆದುಕೊಳ್ಳಬಲ್ಲಿರಿ, ಎಷ್ಟು ವರ್ಷ ಕಲಿಸಿದ್ದೀರಿ, ಅದನ್ನು ಬರೆಯಿರಿ.